ಸಿಂಗಪುರದ ಗೋಡೆಗೆ ಮದ್ರಾಸಿನ ಗಾರೆ

ಮದ್ರಾಸಿನ ಬೆಸೆಂಟ್ ನಗರದ ಕಡಲತೀರದಲ್ಲಿ ಬೆಳಗಿನ ಜಾವ ಬರಿಗಾಲಿನಲ್ಲಿ ನಡೆದಾಡುವವನ ಪಾದಕ್ಕೆ ಅಲ್ಲಲ್ಲಿ ಚುಚ್ಚುವುದು ಕಪ್ಪೆಚಿಪ್ಪು. ಊರೂರು ಆಲ್ಕಾಟ್ ಕುಪ್ಪದ ಬೆಸ್ತರು ಬಲೆ ಕೊಡವಿ ಬಿಟ್ಟುಹೋದವೂ ರಾತ್ರಿಯ ಅಲೆಗಳು ತಂದು ಹಾಕಿದವೂ ಆದ ಈ ಚಿಪ್ಪುಗಳನ್ನು ಈಗ ಮಕ್ಕಳು ಆಟಕ್ಕೆಂದು ಆಯ್ದುಕೊಳ್ಳುತ್ತಾರೆ. ಹಿಂದಿನವರು ಇಂಥವನ್ನೇ ರಾಶಿ ಹಾಕಿ, ಗೂಡಿನಲ್ಲಿ ಸುಟ್ಟು, ನೀರೆರೆದು ಅರಳಿಸಿ, ದೇಶಾಂತರಗಳಲ್ಲಿ ಹೆಸರಾದ ಮದ್ರಾಸಿನ ಸುಣ್ಣವನ್ನು ಮಾಡುತ್ತಿದ್ದರು. ಹದಿನೆಂಟನೆಯ ಶತಮಾನದಲ್ಲಿ ಹಡಗಿನ ಮೇಲಿನಿಂದ ಈ ಪಟ್ಟಣದ ಮಹಲುಗಳನ್ನು ಮೊದಲ ಬಾರಿಗೆ ಕಂಡ ಐರೋಪ್ಯ ಪ್ರವಾಸಿಗಳಿಗೆ ಅವು ಅಮೃತಶಿಲೆಯಲ್ಲಿ ಕಟ್ಟಿದವೇನೋ ಎಂಬ ಭ್ರಮೆ ಹುಟ್ಟಿಸುತ್ತಿದ್ದುದು ಈ ಸುಣ್ಣದ ಹೊಳಪೇ. 1930ರ ಡಿಸೆಂಬರಿನಲ್ಲಿ, ಮುಳುಗುತ್ತಿದ್ದವರನ್ನು ಉಳಿಸಹೋಗಿ ತಾನೇ ನೀರುಪಾಲಾದ ಡೇನಿಷ್ ನಾವಿಕ ಕಾರ್ಲ್ ಶ್ಮಿಟ್‌ನ ಬಿಳಿಯ ಸ್ಮಾರಕದ ಮೆಟ್ಟಿಲ ಮೇಲೆ ಕುಳಿತು, ಒಂದು ಚಿಪ್ಪನ್ನು ಅಂಗೈಯಲ್ಲಿ ಹೊರಳಿಸುತ್ತಾ ಆಗ್ನೇಯ ದಿಕ್ಕಿಗೆ ಕಣ್ಣು ಹಾಯಿಸಿದಾಗಲೆಲ್ಲ, ಈ ಸುಣ್ಣದ ರಹಸ್ಯವನ್ನು ಕಾಲಿನ ಸರಪಳಿಯೊಡನೆ ಹೊತ್ತುಕೊಂಡು ಕಡಲು ದಾಟಿದ ಜನರೂ, ಅವರು ಕಟ್ಟಿಕೊಟ್ಟ ಒಂದು ಪುಟ್ಟ ದೇಶವೂ ನನ್ನ ನೆನಪಿಗೆ ಬರುತ್ತವೆ.

ನಮ್ಮ ಬಡಾವಣೆ ಇರುವುದು ಸರಿಸುಮಾರು ಹದಿಮೂರನೆಯ ಅಕ್ಷಾಂಶದ ಮೇಲೆ. ಬೆಂಗಳೂರೂ ಮಂಗಳೂರೂ ಹೆಚ್ಚು ಕಡಿಮೆ ಇದೇ ರೇಖೆಯ ಮೇಲಿವೆ. ದಕ್ಷಿಣ ಭಾರತವನ್ನು ಪಡುಗಡಲಿನಿಂದ ಮೂಡುಗಡಲಿನವರೆಗೆ ಒಂದು ದಾರದಲ್ಲಿ ಪೋಣಿಸಿದಂತೆ ಈ ಮೂರು ಊರುಗಳು ಸಾಲಾಗಿ ನಿಂತಿವೆ. ಸಿಂಗಪುರವಾದರೋ ಭೂಮಧ್ಯರೇಖೆಯಿಂದ ಉತ್ತರಕ್ಕೆ ನೂರೈವತ್ತು ಕಿಲೋಮೀಟರುಗಳೊಳಗೇ, ಒಂದನೆಯ ಅಕ್ಷಾಂಶವನ್ನು ತುಸುವೇ ದಾಟಿದ ಕಡೆ ಇದೆ. ಅಲ್ಲಿ ಹಗಲಿಗೂ ಇರುಳಿಗೂ ವರ್ಷವಿಡೀ ಒಂದೇ ಅಳತೆ. ಅತಿ ದೀರ್ಘವಾದ ಹಗಲಿಗೂ ಅತಿ ಹ್ರಸ್ವವಾದ ಹಗಲಿಗೂ ನಡುವೆ ಹತ್ತು ನಿಮಿಷದ ಅಂತರವೂ ಇಲ್ಲ. ಮಳೆ ವರ್ಷಕ್ಕೆ ಸುಮಾರು 2100 ಮಿಲಿಮೀಟರ್ ಬೀಳುವುದಾದರೂ ಅದಕ್ಕೆ ನಮ್ಮ ಮುಂಗಾರಿನ ಗಾಂಭೀರ್ಯವಿಲ್ಲ, ಹಿಂಗಾರಿನ ನಿರೀಕ್ಷೆಯಿಲ್ಲ. ಯಾವ ತಿಂಗಳಲ್ಲಾದರೂ ಮಧ್ಯಾಹ್ನದ ಹೊತ್ತಿಗೆ ಮೋಡ ಕವಿದು, ಗುಡುಗಿ, ಸುರಿದು, ಒಂದು ಗಂಟೆಯೊಳಗೆ ಏನೂ ನಡೆದೇ ಇಲ್ಲವೆಂಬಂತೆ ಬಿಸಿಲು ಬರುತ್ತದೆ. ಬೆಳಗಿನ ಜಾವ ಪಶ್ಚಿಮದಿಂದ ಹಠಾತ್ತನೆ ಬಂದೆರಗುವ ಬಿರುಗಾಳಿಗೆ ಅಲ್ಲಿನವರು ಇಟ್ಟಿರುವ ಹೆಸರು 'ಸುಮಾತ್ರ'. ಆ ಹೆಸರಿನ ಮಹಾದ್ವೀಪವೇ ಸಿಂಗಪುರಕ್ಕೆ ಪಡುಗಡೆಯ ಕೋಟೆಗೋಡೆ. 2004ರ ಡಿಸೆಂಬರ್ 26ರಂದು ಸುಮಾತ್ರದ ಆಚೆ ಬದಿಯ ಕಡಲತಳ ನಡುಗಿ ಎದ್ದ ತೆರೆ ಕೆಲವೇ ಗಂಟೆಗಳಲ್ಲಿ ಬಂಗಾಳ ಕೊಲ್ಲಿಯನ್ನು ದಾಟಿ ನಮ್ಮ ಈ ಕುಪ್ಪದ ದೋಣಿಗಳನ್ನು ಎತ್ತಿ ಒಗೆಯಿತಾದರೂ, ಎಷ್ಟೋ ಹತ್ತಿರದಲ್ಲಿದ್ದ ಸಿಂಗಪುರ ಆ ಗೋಡೆಯ ಮರೆಯಲ್ಲಿ ಕ್ಷೇಮವಾಗಿ ಉಳಿಯಿತು. ವಸಂತ, ಗ್ರೀಷ್ಮ, ವರ್ಷ, ಶರತ್ತುಗಳೆಂದು ಕಾಲವನ್ನು ಎಣಿಸುವವನಿಗೆ ಮಾತ್ರ ಆ ಆಕಾಶದ ಕೆಳಗೆ ಹಿಡಿಯಲು ಯಾವ ಕೊಂಬೆಯೂ ಇಲ್ಲ.

ಚೋಳಮಂಡಲದ ಈ ತೀರಕ್ಕೂ ಆ ದ್ವೀಪಕ್ಕೂ ಸಂಬಂಧ ಹಳೆಯದು. ಮಲಯ ಜನರ ಪುರಾಣಪ್ರಾಯವಾದ ಇತಿಹಾಸಗ್ರಂಥ 'ಸೆಜಾರಾ ಮೆಲಾಯು'ವಿನಲ್ಲಿ ರಾಜಾ ಚೂಲನ್ ಎಂಬವನ ಕಥೆಯೊಂದಿದೆ. ಚೀನಾ ದೇಶವನ್ನು ಗೆಲ್ಲಬೇಕೆಂದು ಅಪಾರ ಸೈನ್ಯದೊಡನೆ ಹೊರಟ ಈ ದೊರೆ ದಾರಿಯ ರಾಜ್ಯಗಳನ್ನೆಲ್ಲ ಜಯಿಸುತ್ತ ತೆಮಾಸೆಕ್‌ವರೆಗೆ, ಎಂದರೆ ಈಗಿನ ಸಿಂಗಪುರದವರೆಗೆ, ಬಂದು ಬೀಡುಬಿಟ್ಟನಂತೆ. ಸುದ್ದಿ ತಿಳಿದ ಚೀನಾದ ಚಕ್ರವರ್ತಿ ಯುದ್ಧದ ಗೋಜಿಗೇ ಹೋಗದೆ, ಹಲ್ಲುದುರಿದ ಮುದುಕರನ್ನೂ, ತುಕ್ಕು ಹಿಡಿದ ಸೂಜಿಗಳನ್ನೂ, ಹಣ್ಣುಬಿಟ್ಟ ಎಲಚಿಯೇ ಮೊದಲಾದ ಗಿಡಗಳನ್ನೂ ಒಂದು ಹಡಗಿನಲ್ಲಿ ತುಂಬಿಸಿ ಕಳುಹಿಸಿದ. ಚೀನಾ ಎಷ್ಟು ದೂರವೆಂದು ಚೂಲನ್ನನ ಜನ ವಿಚಾರಿಸಲಾಗಿ, ಹೊರಟಾಗ ತಾವು ಹುಡುಗರಾಗಿದ್ದೆವೆಂದೂ, ಈ ಗಿಡಗಳು ತಾವು ಬಿತ್ತಿದ ಬೀಜಗಳೆಂದೂ, ಸೂಜಿಗಳು ಆಗ ತೋಳು ಗಾತ್ರದ ಕಬ್ಬಿಣದ ಸರಳುಗಳಾಗಿದ್ದುವೆಂದೂ ಮುದುಕರು ಹೇಳಿದರು. ಕೇಳಿದ ದೊರೆ ದಂಡನ್ನು ಹಿಂದಕ್ಕೆ ತಿರುಗಿಸಿದ. ತಂಜಾವೂರಿನ ಶಾಸನಗಳಲ್ಲಿ ವೀರಾವೇಶದಿಂದ ವರ್ಣಿತವಾಗಿರುವ, ರಾಜೇಂದ್ರ ಚೋಳನು 1025ರ ಸುಮಾರಿಗೆ ಶ್ರೀವಿಜಯದ ಮೇಲೆ ನಡೆಸಿದ ನೌಕಾದಂಡಯಾತ್ರೆಯ ನೆನಪು ಈ ಕಥೆಯ ಹಿಂದೆ ಇದ್ದೀತೆಂದು ವಿದ್ವಾಂಸರು ಊಹಿಸುತ್ತಾರೆ. ಒಂದೇ ಘಟನೆ ಗೆದ್ದವರ ಕಲ್ಲಿನ ಮೇಲೆ ಒಂದು ಬಗೆಯಾಗಿ, ಪೆಟ್ಟು ತಿಂದವರ ನಾಲಗೆಯ ಮೇಲೆ ಇನ್ನೊಂದು ಬಗೆಯಾಗಿ ಉಳಿದುಬರುವ ಈ ಚೋದ್ಯಕ್ಕೆ ಮುಂದೆ ಇನ್ನೊಂದು ನಿದರ್ಶನವನ್ನು ನೋಡಲಿದ್ದೇವೆ. ಅಂದಹಾಗೆ, ಸಿಂಗಪುರಕ್ಕೂ ತನ್ನದೇ ಆದ ಒಂದು ಶಿಲಾಶಾಸನವಿತ್ತು. ನದಿಯ ಅಳಿವೆಯಲ್ಲಿ ನಿಂತಿದ್ದ ಆ ಮಹಾಶಿಲೆಯನ್ನು ಯಾರೂ ಓದಿ ಮುಗಿಸುವ ಮೊದಲೇ, 1843ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಸರ್ಕಾರ ಕಟ್ಟಡದ ಜಾಗಕ್ಕಾಗಿ ಮದ್ದಿಟ್ಟು ಸಿಡಿಸಿತು.

ಆ ಕಂಪನಿ ಅಲ್ಲಿಗೆ ಬಂದದ್ದು 1819ರಲ್ಲಿ. ಫೆಬ್ರವರಿ 6ರಂದು ಸ್ಟ್ಯಾಮ್‌ಫರ್ಡ್ ರಾಫಲ್ಸನು ಸುಲ್ತಾನ್ ಹುಸೇನ್ ಷಾ ಮತ್ತು ತೆಮೆಂಗೊಂಗ್ ಅಬ್ದುಲ್ ರಹಮಾನರೊಡನೆ ಒಪ್ಪಂದ ಮಾಡಿಕೊಂಡು ಕೋಠಿ ಸ್ಥಾಪಿಸಿದನೆಂಬುದು ಎಲ್ಲ ಪಠ್ಯಪುಸ್ತಕಗಳಲ್ಲಿಯೂ ಇರುವ ಮಾತು. ಆದರೆ ಒಪ್ಪಂದ ಮಾಡಿ ಹಡಗು ಹತ್ತಿದ ರಾಫಲ್ಸನ ಹಿಂದೆ ಉಳಿದು, 1823ರವರೆಗೆ ಕಾಡು ಕಡಿಸಿ ಪೇಟೆ ಕೂಡಿಸಿದವನು ವಿಲಿಯಂ ಫಾರ್ಕ್ವಾರ್. ಅವನು ಮದ್ರಾಸ್ ಇಂಜಿನಿಯರುಗಳ ದಳದವನು, ಇಂದಿಗೂ ಬೆಂಗಳೂರಿನ ಹಲಸೂರು ಕೆರೆಯ ಬಳಿ ಬೀಡುಬಿಟ್ಟಿರುವ ಮದ್ರಾಸ್ ಸ್ಯಾಪರ್ಸ್ ಪಡೆಯ ಬಳಗಕ್ಕೆ ಸೇರಿದವನು. 1819ರಲ್ಲೇ ಪಿನಾಂಗಿನಿಂದ ಬಂದಿಳಿದ ನಾರಾಯಣ ಪಿಳ್ಳೈ ಇಟ್ಟಿಗೆಯ ಗೂಡು ಹಾಕಿದನು, ಮುಂದೆ ಸೌತ್ ಬ್ರಿಜ್ ರಸ್ತೆಯಲ್ಲಿ ಮಾರಿಯಮ್ಮನ ಗುಡಿಯನ್ನೂ ಕಟ್ಟಿಸಿದನು. ಚೋಳಮಂಡಲದ ಮುಸಲ್ಮಾನ ವರ್ತಕರು ಅದೇ ಬೀದಿಯಲ್ಲಿ ಮಸೀದಿಯನ್ನೂ, ತುಸು ಆಚೆ ನಾಗೂರಿನ ದರ್ಗಾದ ಪ್ರತಿರೂಪವೊಂದನ್ನೂ ಎಬ್ಬಿಸಿದರು. ಸಾವಿರದಷ್ಟಿದ್ದ ದ್ವೀಪದ ಜನಸಂಖ್ಯೆ 1824ರ ಗಣತಿಯ ವೇಳೆಗೆ ಹತ್ತು ಸಾವಿರವನ್ನು ಮೀರಿತು. ಪೇಟೆಯೇನೋ ಬೆಳೆಯಿತು, ಜೌಗು ಬತ್ತಿಸಿ, ಗುಡ್ಡ ಅಗೆದು, ರಸ್ತೆ ಹಾಕಲು ಕೂಲಿಯಿಲ್ಲದೆ ದುಡಿಯುವ ಕೈಗಳು ಬೇಕಾದುವು. ಸುಮಾತ್ರದ ಬೆಂಕೂಲನ್ ಎಂಬ ತನ್ನ ಠಾಣ್ಯವನ್ನು ಡಚ್ಚರಿಗೆ ಬಿಟ್ಟುಕೊಟ್ಟ ಕಂಪನಿ, ಅಲ್ಲಿದ್ದ ಭಾರತೀಯ ಕೈದಿಗಳನ್ನು 1825ರ ಏಪ್ರಿಲ್‌ನಲ್ಲಿ ಸಿಂಗಪುರಕ್ಕೆ ಸಾಗಿಸಿತು. ಮೊದಲ ಹಡಗಿನಲ್ಲಿ ಬಂದಿಳಿದವರು ಮದ್ರಾಸ್ ಪ್ರಾಂತದ 80 ಜನ. ಅವರ ಬೆನ್ನಿಗೇ ಬಂಗಾಳದ 122 ಜನ. ಅಲ್ಲಿಂದ ಮುಂದೆ ಅರ್ಧ ಶತಮಾನದವರೆಗೆ, ನಮ್ಮವರ ಬಾಯಲ್ಲಿ 'ಕರಿನೀರು' ಎಂದಾಗಿದ್ದ ಶಿಕ್ಷೆಗೆ ಸಿಂಗಪುರವೂ ಒಂದು ಹೆಸರಾಯಿತು.

ಈ ಹಡಗುಗಳಲ್ಲಿ ಕನ್ನಡ, ತುಳು, ಅರೆಭಾಷೆಗಳನ್ನಾಡುವವರೂ ಇದ್ದರೆಂಬುದಕ್ಕೆ ನಮ್ಮದೇ ಇತಿಹಾಸದ ಒಂದು ಅಧ್ಯಾಯ ಸಾಕ್ಷಿ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡ ಕಂಪನಿ, ಅಲ್ಲಿಯವರೆಗೆ ಕೊಡಗಿಗೆ ಸೇರಿದ್ದ ಅಮರಸುಳ್ಯ ಮತ್ತು ಪುತ್ತೂರು ಮಾಗಣೆಗಳನ್ನು ಮದ್ರಾಸ್ ಪ್ರಾಂತದ ಕೆನರಾ ಜಿಲ್ಲೆಗೆ ಸೇರಿಸಿತು. ಕಚೇರಿಯ ಕಾಗದದ ಮೇಲೆ ಇದು ಒಂದು ಗೆರೆ ಸರಿದಂತೆ ಇರಬಹುದು. ಗದ್ದೆಯ ಒಡೆಯನಿಗೆ ಮಾತ್ರ ಅದು ಬದುಕೇ ತಲೆಕೆಳಗಾದಂತೆ. ಅರಸರ ಕಾಲದಲ್ಲಿ ಬೆಳೆದ ಧಾನ್ಯದ ರೂಪದಲ್ಲಿಯೇ ಸಲ್ಲುತ್ತಿದ್ದ ಕಂದಾಯವನ್ನು ಈಗ ನಗದಾಗಿ ಕೊಡಬೇಕಾಯಿತು. ನಗದಿಗಾಗಿ, ಕೊಯ್ಲಿನ ಮುಖದಲ್ಲೇ ಭತ್ತವನ್ನು ವರ್ತಕ ಹೇಳಿದ ಬೆಲೆಗೆ ಮಾರಬೇಕಾಯಿತು. 1837ರ ಮಾರ್ಚ್ ಕೊನೆಗೆ, ಕೆದಂಬಾಡಿ ರಾಮಯ್ಯ ಗೌಡ, ಗುಡ್ಡೆಮನೆ ಅಪ್ಪಯ್ಯ ಗೌಡ ಮೊದಲಾದವರ ಮುಂದಾಳ್ತನದಲ್ಲಿ, ಪುಟ್ಟಬಸಪ್ಪನೆಂಬವನನ್ನು ರಾಜವಂಶದ ಕಲ್ಯಾಣಸ್ವಾಮಿಯೆಂದು ಮುಂದಿಟ್ಟುಕೊಂಡು ರೈತರು ಎದ್ದರು. ಬೆಳ್ಳಾರೆಯ ಖಜಾನೆಯನ್ನು ಹಿಡಿದು, ಪುತ್ತೂರು ಬಂಟ್ವಾಳಗಳ ಮೇಲೆ ಹಾದು, ಏಪ್ರಿಲ್ 5ರಂದು ಮಂಗಳೂರನ್ನು ಹೊಕ್ಕು, ಈಗ ಬಾವುಟಗುಡ್ಡೆಯೆಂದು ಹೆಸರಾಗಿರುವ ದಿಬ್ಬದ ಮೇಲೆ ಕಂಪನಿಯ ಧ್ವಜವನ್ನಿಳಿಸಿ ತಮ್ಮ ಬಾವುಟವನ್ನೇರಿಸಿದರು. ಎರಡು ವಾರದೊಳಗೆ ಕಡಲ ಮೇಲಿನಿಂದ ಪಟಾಲಂಗಳು ಬಂದುವು. ಮುಂದಾಳುಗಳು ಮಂಗಳೂರಿನ ಬಿಕರ್ನಕಟ್ಟೆಯಲ್ಲಿಯೂ ಮಡಿಕೇರಿಯ ಕೋಟೆಯಲ್ಲಿಯೂ ನೇಣುಗಂಬವೇರಿದರು. ಉಳಿದವರಲ್ಲಿ ಹಲವರನ್ನು ಸಿಂಗಪುರಕ್ಕೆ ಗಡೀಪಾರು ಮಾಡಲಾಯಿತು. ಈ ಇಡೀ ಹೋರಾಟಕ್ಕೆ ಜನರ ಬಾಯಲ್ಲಿ ಉಳಿದ ಹೆಸರು 'ಕಲ್ಯಾಣಪ್ಪನ ಕಾಟಕಾಯಿ'. ಕಾಟಕಾಯಿ ಎಂದರೆ ಲೂಟಿ, ದಾಂಧಲೆ. ಗೆದ್ದವರ ಮಾತು ಸೋತವರ ಮೊಮ್ಮಕ್ಕಳ ನಾಲಗೆಯಲ್ಲೂ ಎಷ್ಟು ಸಲೀಸಾಗಿ ಕುಳಿತುಬಿಡುತ್ತದೆ! ಹಲ್ಲಿಲ್ಲದ ಮುದುಕರ ಕಥೆ ಕಟ್ಟಿದ ಮಲಯರು ಈ ವಿಷಯದಲ್ಲಿ ನಮಗಿಂತ ಜಾಣರು.

ಘಟ್ಟದ ತಪ್ಪಲಿನ ಕಂಗಿನ ತೋಟದಿಂದ ಹೊರಟ ಮನುಷ್ಯ ಆ ದ್ವೀಪದಲ್ಲಿ ಕಾಲಿಟ್ಟಾಗ ಮಾಡಬೇಕಾಗಿದ್ದ ಕೆಲಸವೇನೆಂಬುದನ್ನು ಊಹಿಸಲು ಕಷ್ಟಪಡಬೇಕಾಗಿಲ್ಲ. 1833ರಿಂದ ಕೈದಿಗಳ ಮೇಲ್ವಿಚಾರಕನಾಗಿದ್ದ ವಾಸ್ತುಶಿಲ್ಪಿ ಜಾರ್ಜ್ ಕೋಲ್ಮನ್ ಆಗ ಜೌಗುನೆಲವನ್ನು ತುಂಬಿಸಿ, ನಾರ್ತ್ ಬ್ರಿಜ್, ಸೌತ್ ಬ್ರಿಜ್ ಎಂಬ, ಇಂದಿಗೂ ಆ ನಗರದ ಬೆನ್ನೆಲುಬಾಗಿರುವ ರಸ್ತೆಗಳನ್ನು ಹಾಕಿಸುತ್ತಿದ್ದ. ಕಾಲಿಗೆ ಬೇಡಿ ತೊಟ್ಟು ಸಾಲಾಗಿ ನಡೆಯುವ ಇವರನ್ನು ಮಲಯರು 'ಒರಾಂಗ್ ರಾಂತೈ' ಎನ್ನುತ್ತಿದ್ದರು. ಸರಪಳಿಯ ಜನ ಎಂದರ್ಥ. ಜೀವಾವಧಿ ಶಿಕ್ಷೆ ಪಡೆದ ಮದ್ರಾಸ್, ಬಂಗಾಳಗಳ ಕೈದಿಗಳ ಹಣೆಯ ಮೇಲೆ ಅವರ ಅಪರಾಧವನ್ನು ಹಚ್ಚೆ ಹೊಯ್ಯುವ ಪದ್ಧತಿ 1849ರಲ್ಲಿ ಕಾನೂನಿನಿಂದ ರದ್ದಾಗುವವರೆಗೂ ನಡೆದುಬಂತು. ನಮ್ಮ ಹಳ್ಳಿಯ ಹೆಂಗಸರು ಹಣೆಗೂ ಮುಂಗೈಗೂ ಮಂಗಳಕರವೆಂದು ಹೊಯ್ಯಿಸಿಕೊಳ್ಳುತ್ತಿದ್ದ ಹಚ್ಚೆಯನ್ನೇ ಕಂಪನಿ ಅಳಿಸಲಾಗದ ಅವಮಾನದ ಲಿಪಿಯನ್ನಾಗಿ ಮಾಡಿತು.

ಇಷ್ಟೆಲ್ಲ ಹೇಳಿದ ಮೇಲೂ, ಸಿಂಗಪುರದ ಬಂದೀಖಾನೆ ಒಂದು ವಿಚಿತ್ರ ಸಂಸ್ಥೆಯಾಗಿತ್ತೆಂಬುದನ್ನು ಒಪ್ಪಬೇಕು. ಕಾವಲುಗಾರರಿಗೆ ಸಂಬಳ ಕೊಡಲು ಹಣವಿಲ್ಲದ ಸರ್ಕಾರ, ನಂಬಿಕಸ್ತ ಕೈದಿಗಳನ್ನೇ ಉಳಿದವರ ಮೇಲೆ ಕಾವಲಿಟ್ಟಿತು. ಕೈದಿಗಳಲ್ಲಿ ಆರು ವರ್ಗಗಳು. ಹೊಸಬ ಬೇಡಿ ತೊಟ್ಟು ರಸ್ತೆಯ ಕೆಲಸದಿಂದ ಆರಂಭಿಸಿ, ನಡತೆ ಒಳ್ಳೆಯದಾದರೆ ವರ್ಷಗಳ ಮೇಲೆ ಬೇಡಿ ಕಳಚಿಸಿಕೊಂಡು, ಕಸುಬು ಕಲಿತು, ಕಡೆಗೆ ರಹದಾರಿ ಪಡೆದು ಊರಿನಲ್ಲಿ ಸ್ವಂತ ದುಡಿದು ಬಾಳಬಹುದಾಗಿತ್ತು. ಕಲ್ಲುಕುಟಿಗರು, ಬಡಗಿಗಳು, ಕಮ್ಮಾರರು, ನೇಕಾರರು ಜೈಲಿನೊಳಗೇ ತಯಾರಾದರು. ಸೆರಂಗೂನ್ ರಸ್ತೆಯ ಗೂಡಿನಲ್ಲಿ ಅವರು ಸುಟ್ಟ ಇಟ್ಟಿಗೆಗೆ 1867ರ ಆಗ್ರಾ ಪ್ರದರ್ಶನದಲ್ಲಿ ಬೆಳ್ಳಿಯ ಪದಕ ಬಂತು. ದ್ವೀಪದಲ್ಲಿ ಹುಲಿಯ ಹಾವಳಿ ಹೆಚ್ಚಿದಾಗ ಅದನ್ನು ಬೇಟೆಯಾಡಲು ಕೈದಿಗಳಿಗೇ ಬಂದೂಕು ಕೊಟ್ಟು ಕಾಡಿಗೆ ಕಳುಹಿಸಿದರೆಂದರೆ ಈ ಪದ್ಧತಿ ಎಷ್ಟು ದೂರ ಹೋಗಿತ್ತೆಂಬುದು ಅರಿವಾದೀತು. ಇದನ್ನೆಲ್ಲ ದಾಖಲಿಸಿದವನು ಮದ್ರಾಸ್ ಆರ್ಟಿಲರಿಯ ಅಧಿಕಾರಿ ಮ್ಯಾಕ್‌ನೇರ್. ಬೇಲಿಸ್ ಎಂಬವನೊಡಗೂಡಿ 1899ರಲ್ಲಿ ಅವನು ಪ್ರಕಟಿಸಿದ ಪುಸ್ತಕದ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ, 'ಕೈದಿಗಳೇ ತಮಗೆ ಕಾವಲುಗಾರರು'. ತನ್ನ ಪದ್ಧತಿಯ ಬಗ್ಗೆ ಅವನಿಗೆ ಅಭಿಮಾನ ಬಹಳ. ಅಭಿಮಾನಕ್ಕೆ ಕಾರಣವೂ ಇತ್ತು. ಅದನ್ನು ಓದುವ ನಮಗೆ ಮಾತ್ರ ಬೇಡಿಯ ಸದ್ದು ಪುಟಪುಟದಲ್ಲಿಯೂ ಕೇಳಿಸುತ್ತಿರುತ್ತದೆ.

ಈ ಕೈಗಳ ಕೆಲಸದಲ್ಲೆಲ್ಲ ಶ್ರೇಷ್ಠವಾದುದು ಸೇಂಟ್ ಆಂಡ್ರೂಸ್ ಇಗರ್ಜಿ. ಅದೇ ಜಾಗದಲ್ಲಿ ಕೋಲ್ಮನ್ ಕಟ್ಟಿದ್ದ ಹಳೆಯ ಇಗರ್ಜಿಗೆ ಎರಡು ಬಾರಿ ಸಿಡಿಲು ಬಡಿದು, ಅದು ಶಿಥಿಲವಾಗಿ, ಕಡೆಗೆ ಕೆಡಹಬೇಕಾಯಿತು. ಆ ದಿನಗಳಲ್ಲಿ ಪೇಟೆಯ ತುಂಬ ಒಂದು ಗುಲ್ಲು ಹಬ್ಬಿತು: ಇಗರ್ಜಿಯಲ್ಲಿ ಭೂತಗಳು ಸೇರಿಕೊಂಡಿವೆ, ಅವನ್ನು ತಣಿಸಲು ಸರ್ಕಾರಕ್ಕೆ ಮನುಷ್ಯರ ತಲೆಗಳು ಬೇಕಾಗಿವೆ, ರಾತ್ರಿ ಒಂಟಿಯಾಗಿ ಸಿಕ್ಕವರನ್ನು ಕೈದಿಗಳು ಹಿಡಿದು ಕಡಿಯುತ್ತಾರೆ ಎಂದು. ಕತ್ತಲಾದ ಮೇಲೆ ಜನ ಹೊರಗೆ ಹೊರಡಲು ಅಂಜಿದರು. ಕೆರೆಯಲ್ಲಿ ನೀರು ಬರಲೆಂದು ಸೊಸೆಯನ್ನು ಬಲಿಗೊಟ್ಟ ಕಥೆಗಳನ್ನು ಕೇಳಿ ಬೆಳೆದ ನಮಗೆ ಈ ಭಯ ತೀರ ಅಪರಿಚಿತವೇನಲ್ಲ. ದೊಡ್ಡ ಕಟ್ಟಡ ಏಳಬೇಕಾದರೆ ಅದರ ಬುಡದಲ್ಲಿ ಯಾರದೋ ಪ್ರಾಣವಿರಲೇಬೇಕೆಂಬ ಸಾಮಾನ್ಯ ಜನರ ಶಂಕೆ, ಲೆಕ್ಕಪತ್ರಗಳಿಗಿಂತ ಕೆಲವೊಮ್ಮೆ ಸತ್ಯಕ್ಕೆ ಹತ್ತಿರವಾಗಿರುತ್ತದೆ.

ಹೊಸ ಇಗರ್ಜಿಯ ನಕ್ಷೆ ಬರೆದವನು ರೊನಾಲ್ಡ್ ಮ್ಯಾಕ್‌ಫರ್ಸನ್, ಅವನೂ ಮದ್ರಾಸ್ ಆರ್ಟಿಲರಿಯವನು. 1856ರ ಮಾರ್ಚಿನಲ್ಲಿ ಅಸ್ತಿಭಾರ ಬಿತ್ತು. ಅವನು ವರ್ಗವಾಗಿ ಮಲಾಕಾಕ್ಕೆ ಹೋದ ಮೇಲೆ ಮ್ಯಾಕ್‌ನೇರ್ ಕೆಲಸ ಮುಂದುವರಿಸಿ, 1862ರ ಜನವರಿಯಲ್ಲಿ ಅದರ ಪ್ರತಿಷ್ಠೆಯಾಯಿತು. ನಕ್ಷೆ ಇಂಗ್ಲೆಂಡಿನ ಗಾಥಿಕ್ ಶೈಲಿಯದು. ಅದಕ್ಕೆ ತಕ್ಕ ಕಲ್ಲು ಮಾತ್ರ ದ್ವೀಪದಲ್ಲಿ ಇರಲಿಲ್ಲ. ಇದ್ದುದು ಕೈದಿಗಳು ಸುಟ್ಟ ಇಟ್ಟಿಗೆ, ಮತ್ತು ಮದ್ರಾಸಿನ ಗಾರೆಯ ವಿದ್ಯೆ. ಚಿಪ್ಪಿನ ಸುಣ್ಣಕ್ಕೆ ಮರಳು ಸೇರಿಸಲಿಲ್ಲ. ಕೋಳಿಮೊಟ್ಟೆಯ ಬಿಳಿಯನ್ನೂ ಒರಟು ಸಕ್ಕರೆಯನ್ನೂ ಕೂಡಿಸಿ ನುಣ್ಣಗೆ ಕಲಸಿ, ತೆಂಗಿನ ಸಿಪ್ಪೆಗಳನ್ನು ನೆನೆಹಾಕಿದ ನೀರನ್ನು ಬೆರೆಸಿ, ಗೋಡೆಗೆ ಬಳಿದರು. ಅದು ಒಣಗುತ್ತ ಬಂದಂತೆ ಸ್ಫಟಿಕದ ತುಂಡಿನಿಂದಲೋ ನುಣುಪಾದ ಗುಂಡುಕಲ್ಲಿನಿಂದಲೋ ಗಂಟೆಗಟ್ಟಲೆ ಉಜ್ಜಿದರು, ನಡುನಡುವೆ ಬಳಪದ ಕಲ್ಲಿನ ಪುಡಿ ಉದುರಿಸಿದರು. ನಮ್ಮ ಹಳೆಯ ತೊಟ್ಟಿಮನೆಗಳ ಗಾರೆನೆಲವನ್ನು ಬಲ್ಲವರಿಗೆ ಈ ಉಜ್ಜುವಿಕೆಯ ತಾಳ್ಮೆ ಗೊತ್ತು. ಬೆಲ್ಲದ ನೀರು ಹಾಕಿ ಅರೆದ ಗಾರೆಯ ಮೇಲೆ ಬರಿಮೈಯಲ್ಲಿ ಮಲಗಿದ ಬೇಸಗೆಯ ಮಧ್ಯಾಹ್ನಗಳು ಅವರಿಗೆ ನೆನಪಿರುತ್ತವೆ. ಭೂಮಧ್ಯರೇಖೆಯ ಬಿಸಿಲಿಗೂ ದಿನನಿತ್ಯದ ಮಳೆಗೂ ಬಿರಿಯದೆ ಪಾಚಿಗಟ್ಟದೆ ನಿಲ್ಲಬಲ್ಲ ಲೇಪ ಬೇಕಾಗಿದ್ದಾಗ ಗಾಥಿಕ್ ಕಮಾನಿನ ಸಹಾಯಕ್ಕೆ ಬಂದದ್ದು ನಮ್ಮ ಹಿರಿಯರ ಈ ಅಡುಗೆಮನೆಯಂಥ ರಸವಿದ್ಯೆ. ಅಷ್ಟು ದೊಡ್ಡ ಕಟ್ಟಡಕ್ಕೆ ಮೊಟ್ಟೆಯ ಬಿಳಿ ಎಷ್ಟು ಹಿಡಿದಿರಬೇಕು! ಹಳದಿಯ ಭಾಗ ಯಾರ ಹೊಟ್ಟೆಗೆ ಹೋಯಿತೋ ಎಂಬ ಅಲ್ಪ ಕುತೂಹಲ ನನ್ನನ್ನು ಬಿಟ್ಟಿಲ್ಲ.

ಆ ಬಿಳಿಯ ಗೋಡೆ ಮುಂದೆ ಕಂಡದ್ದು ಬಹಳ. 1942ರ ಫೆಬ್ರವರಿಯಲ್ಲಿ ಜಪಾನಿನ ಬಾಂಬುಗಳ ನಡುವೆ ಇಗರ್ಜಿಯೇ ಆಸ್ಪತ್ರೆಯಾಯಿತು. ಮರುವರ್ಷದ ಜುಲೈನಲ್ಲಿ ಅದರ ಪಕ್ಕದ ಪಾಡಾಂಗ್ ಮೈದಾನದಲ್ಲಿ ಸುಭಾಷಚಂದ್ರ ಬೋಸರು ಆಜಾದ್ ಹಿಂದ್ ಸೇನೆಯ ವಂದನೆಯನ್ನು ಸ್ವೀಕರಿಸಿದರು. ಮದ್ರಾಸಿನಲ್ಲಿ ಹುಟ್ಟಿ, ಮದ್ರಾಸಿನಲ್ಲಿಯೇ ವೈದ್ಯಶಾಸ್ತ್ರ ಓದಿ, 1940ರಲ್ಲಿ ಸಿಂಗಪುರಕ್ಕೆ ಹೋಗಿದ್ದ ಡಾಕ್ಟರ್ ಲಕ್ಷ್ಮಿ ಸ್ವಾಮಿನಾಥನ್ ಅಲ್ಲಿಯೇ ಝಾನ್ಸಿ ರಾಣಿ ದಳದ ನಾಯಕಿಯಾದರು. ಮದ್ರಾಸ್, ನಾಗಪಟ್ಟಣ, ಪಿನಾಂಗ್, ಸಿಂಗಪುರಗಳ ನಡುವೆ 1926ರಿಂದ 1973ರವರೆಗೆ ಓಡಾಡಿದ 'ರಜುಲಾ' ಎಂಬ ಹಡಗಿನ ಹೆಸರನ್ನು ಈ ಪಟ್ಟಣದ ಹಳಬರು ನೆಂಟರ ಹೆಸರಿನಂತೆ ಇಂದಿಗೂ ಹೇಳುತ್ತಾರೆ. ಅದರ ಅಟ್ಟದ ಮೇಲೆ ಚಾಪೆ ಹಾಸಿ ಮಲಗಿ ಹೋದವರು ಕೂಲಿಗಳು, ಗುಮಾಸ್ತರು, ಅಂಗಡಿಯವರು. 1965ರ ಆಗಸ್ಟ್ 9ರಂದು ಮಲೇಷ್ಯದಿಂದ ಬೇರ್ಪಟ್ಟು ದ್ವೀಪ ಸ್ವತಂತ್ರ ಗಣರಾಜ್ಯವಾದಾಗ ಅದರ ನಾಲ್ಕು ಅಧಿಕೃತ ಭಾಷೆಗಳಲ್ಲಿ ತಮಿಳೂ ಒಂದಾಯಿತು. ಇಂದು ಆ ನಗರದ ನೆಲದಡಿಯ ರೈಲಿನಲ್ಲಿ ಕುಳಿತವನಿಗೆ 'ಧೋಬಿಘಾಟ್' ಎಂಬ ನಿಲ್ದಾಣದ ಹೆಸರನ್ನು ಯಂತ್ರದ ಹೆಣ್ಣುಧ್ವನಿ ಸಾರಿ ಹೇಳುವಾಗ, ಅಲ್ಲಿನ ತೊರೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಮಡಿವಾಳರು ಒಂದು ಕ್ಷಣ ಕಣ್ಣ ಮುಂದೆ ಬಂದು ಹೋಗುತ್ತಾರೆ.

ಕೈದಿಗಳ ಕಥೆ ಮುಗಿದದ್ದು ಇವೆಲ್ಲಕ್ಕೂ ಬಹಳ ಹಿಂದೆ. 1857ರ ದಂಗೆಯ ಸುದ್ದಿ ಬಂದಾಗ, ತಮ್ಮ ರಸ್ತೆ, ಸೇತುವೆ, ಇಗರ್ಜಿಗಳನ್ನೆಲ್ಲ ಕಟ್ಟುತ್ತಿದ್ದ ಕೈಗಳನ್ನು ಕಂಡು ಸಿಂಗಪುರದ ಐರೋಪ್ಯ ವರ್ತಕರು ಮೊದಲ ಬಾರಿಗೆ ಬೆಚ್ಚಿದರು. ಭಾರತದ ಅಪರಾಧಿಗಳನ್ನು ತಮ್ಮ ಮೇಲೆ ತಂದು ಸುರಿಯಬಾರದೆಂದು ಅರ್ಜಿಗಳು ಹೋದುವು. 1867ರ ಏಪ್ರಿಲ್ 1ರಂದು ದ್ವೀಪದ ಆಡಳಿತ ಭಾರತ ಸರ್ಕಾರದಿಂದ ಕಳಚಿ ನೇರವಾಗಿ ಲಂಡನ್ನಿನ ವಶವಾಯಿತು. ಆಗ ಪ್ರಾರಂಭವಾದ ಗವರ್ನರನ ಅರಮನೆಯನ್ನು, ಎಂದರೆ ಈಗ ಅಲ್ಲಿನ ರಾಷ್ಟ್ರಪತಿಗಳ ಅಧಿಕೃತ ನಿವಾಸವಾಗಿರುವ ಇಸ್ತಾನಾವನ್ನು, ಕಟ್ಟಿ ಮುಗಿಸಿಕೊಟ್ಟವರು ಈ ಕೈದಿಗಳೇ. 1873ರಲ್ಲಿ ಬಂದೀಖಾನೆ ಮುಚ್ಚಿತು. ಶಿಕ್ಷೆ ಬಾಕಿಯಿದ್ದವರನ್ನು ಅಂಡಮಾನಿಗೆ ಸಾಗಿಸಿದರು. ರಹದಾರಿ ಪಡೆದಿದ್ದ ಹಳಬರು ಅಲ್ಲಿಯೇ ಉಳಿದರು, ಎತ್ತಿನ ಬಂಡಿ ಹೊಡೆದರು, ಹಸು ಕಟ್ಟಿ ಹಾಲು ಮಾರಿದರು, ಮಲಯ ಹೆಂಗಸರನ್ನು ಮದುವೆಯಾಗಿ ಮಕ್ಕಳೊಡನೆ ಮಲಯ ಮಾತಾಡಿದರು.

ಅವರಲ್ಲಿ 1837ರಲ್ಲಿ ಇಪ್ಪತ್ತರ ಹರಯದವನಾಗಿದ್ದ ಒಬ್ಬನಿದ್ದಿದ್ದರೆ ಆಗ ಅವನಿಗೆ ಅರವತ್ತಕ್ಕೆ ಹತ್ತಿರ. ಹಣೆಯ ಹಚ್ಚೆ ಸುಕ್ಕುಗಳ ನಡುವೆ ಸೇರಿಹೋಗಿರಬೇಕು. ಎಂದಿನಂತೆ ಅದೇ ಹೊತ್ತಿಗೆ ಬೆಳಗಾಗುತ್ತದೆ; ಹಸುವಿನ ಕೆಚ್ಚಲಿಗೆ ನೀರೆರಚಿ ಅವನು ಹಾಲು ಕರೆಯಲು ಕೂರುತ್ತಾನೆ. ಮಧ್ಯಾಹ್ನಕ್ಕೆ ಮಳೆ 'ಧೋ' ಎಂದು ಸುರಿಯುತ್ತದೆ, ನಿಲ್ಲುತ್ತದೆ. ಊರಿನಲ್ಲಿ ಈಗ ಏಣಿಲು ನಾಟಿಯ ಕಾಲವೋ, ಆಟಿಯ ಕತ್ತಲೆಯೋ, ಕೊಯ್ಲು ಮುಗಿದು ಭೂತದ ಕೋಲಕ್ಕೆ ಚಪ್ಪರ ಹಾಕುವ ದಿನಗಳೋ ಎಂಬುದನ್ನು ಆ ಮಳೆಯಿಂದಾಗಲಿ ಆ ಬಿಸಿಲಿನಿಂದಾಗಲಿ ಅವನು ತಿಳಿಯುವಂತಿಲ್ಲ.